ದನದ ಆಸ್ಪತ್ರೆಗೆ ಹೋದ ಬಿಳಿ ಇಲಿ

ನನ್ನ ಮಗಳು, ಅಂದರೆ ನಿಮ್ಮ ಅಮ್ಮ, ಚಿಕ್ಕಮಗಳೂರಿನ ಕಾಲೇಜಿನಲ್ಲಿ ಓದುವಾಗ ಒಂದು ಬಿಳಿ ಇಲಿಮರಿಯನ್ನು ಮನೆಗೆ ತಂದಳು. ತಂದವಳು ಅವಳಾದರೂ ಸಾಕಿದವಳು ನಾನು. ಅದಕ್ಕೆ ವಯಸ್ಸಾದಾಗ ಮುಂಗಾಲಿನ ಕೆಳಗೆ ಒಂದು ಗಡ್ಡೆ ಎದ್ದಿತು. ಕೊಯ್ಯಿಸಬೇಕೋ ಹಾಗೇ ಬಿಡಬೇಕೋ ತಿಳಿಯದೆ, ನಾವಿಬ್ಬರೂ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಕಳಸದ ದನದ ಆಸ್ಪತ್ರೆಗೆ ಹೋದೆವು.

ಅಲ್ಲಿ ಜನ ಹಸು ಕರು ಹಿಡಿದುಕೊಂಡು ನಿಂತಿದ್ದರು. ಹೊರಗಿನವರ ಎದುರು ನನಗೆ ಮಾತೇ ಹೊರಡುತ್ತಿರಲಿಲ್ಲ. ಕಾಂಪೌಂಡರು ಏನಾಗಬೇಕೆಂದು ಕೇಳಿದಾಗ ಮೆಲ್ಲಗೆ "ಇಲಿಗೆ ಔಷಧಿ" ಎಂದೆ.

"ಇಲಿ ಪಾಷಾಣ ನಾವು ಕೊಡೋದಿಲ್ಲ ಅಮ್ಮ, ಪೇಟೆ ಅಂಗಡೀಲಿ ಕೇಳಿ" ಎಂದರು ಅವರು.

ನಿಮ್ಮ ಅಮ್ಮ ನಗು ತಡೆಯಲಾರದೆ ಬುಟ್ಟಿಯ ಮುಚ್ಚಳ ತೆಗೆದಳು. ಹಸು ತಂದಿದ್ದ ಒಬ್ಬರು ಇಣುಕಿ ನೋಡಿ, "ನಾವು ಗೋಡೌನಲ್ಲಿ ಬೋನು ಇಟ್ಟೂ ಇಟ್ಟೂ ಸುಸ್ತಾಗಿದೀವಿ, ನೀವು ಆಸ್ಪತ್ರೆಗೆ ಕರ್ಕೊಂಡು ಬಂದೀರಲ್ಲ ಮಾರಾಯ್ರೆ" ಎಂದರು.

ಡಾಕ್ಟರು ನಗಲಿಲ್ಲ. ಇಲಿಯನ್ನು ಅಂಗೈಯಲ್ಲಿ ಕೂರಿಸಿಕೊಂಡು ಗಡ್ಡೆ ಮುಟ್ಟಿ ನೋಡಿದರು.

"ಈ ವಯಸ್ಸಲ್ಲಿ ಮತ್ತು ಬರೋ ಔಷಧಿ ಕೊಟ್ರೆ ಮತ್ತೆ ಏಳೋದು ಕಷ್ಟ. ನೋವಿದ್ದ ಹಾಗೆ ಕಾಣೋದಿಲ್ಲ. ಊಟ ಮಾಡ್ತದಾ?"

ನಾನು ಬಾಯಿ ತೆರೆಯುವ ಮೊದಲೇ ಇಲಿ ನಿಮ್ಮ ಅಮ್ಮ ನೀಡಿದ ಕಡಲೆಬೀಜ ಕಿತ್ತುಕೊಂಡು, ಡಾಕ್ಟರ ಅಂಗೈ ಮೇಲೆಯೇ ಕೂತು ತಿನ್ನತೊಡಗಿತು.

"ಹಾಗಾದ್ರೆ ಕೊಯ್ಯೋದು ಬೇಡ" ಎಂದೆ, ಎಲ್ಲರಿಗೂ ಕೇಳುವ ಹಾಗೆ. ನಿಮ್ಮ ಅಮ್ಮ ಬೆರಗಾಗಿ ನನ್ನನ್ನೇ ನೋಡಿದಳು.

ಆ ಮಳೆಗಾಲ ಪೂರ್ತಿ ಇಲಿ ಒಲೆಯ ಪಕ್ಕ ಬೆಚ್ಚಗೆ ಮಲಗಿರುತ್ತಿತ್ತು. ದೋಸೆ ಎರೆಯುವ ಸದ್ದಾದರೆ ಮಾತ್ರ ಎದ್ದು ಬರುತ್ತಿತ್ತು.