ಪದಬಂಧ ಭೀಷ್ಮರೂ ಅವರ ಚುಕ್ಕಿ ಪೆಟ್ಟಿಗೆಯೂ

ನಮ್ಮ ಯಜಮಾನರು ಜಯಲಕ್ಷ್ಮಿಪುರಂನಲ್ಲಿ ವಿದ್ವಾಂಸರೆಂದು ಹೆಸರು ಮಾಡಿದ್ದು ಪುಸ್ತಕ ಬರೆದಲ್ಲ, ಭಾಷಣ ಮಾಡಿಯೂ ಅಲ್ಲ. ಪೇಪರಿನ ಪದಬಂಧ ಬಿಡಿಸಿ. ಬೆಳಿಗ್ಗೆ ಪೇಪರು ಬಿದ್ದ ಸದ್ದಾದರೆ ಸಾಕು, ಹಾಲ್‌ನ ಬೆತ್ತದ ಕುರ್ಚಿಯಲ್ಲಿ ಕೂತು ಪೆನ್ನಿನ ಕ್ಯಾಪು ತೆಗೆಯುತ್ತಿದ್ದರು. ಪೆನ್ಸಿಲ್ ಮುಟ್ಟುತ್ತಿರಲಿಲ್ಲ. ಪೆನ್ಸಿಲ್ಲು ಅನುಮಾನ ಇರುವವರಿಗಂತೆ. ಇವರಿಗೆ ಅನುಮಾನ ಬಂದರೆ ಕೇಳುವುದಕ್ಕೆ ಅಡುಗೆಮನೆಯಲ್ಲಿ ನಾನಿದ್ದೆನಲ್ಲ!

"ಏನೇ, ಮೂರಕ್ಷರ. ಬಾಗಿಲಿಗೆ ಕಟ್ಟೋದು. ಕೊನೇದು ಣ."

"ತೋರಣ ಕಣ್ರೀ," ಎನ್ನುತ್ತಿದ್ದೆ ದೋಸೆ ಮಗುಚುತ್ತಾ.

"ಹೂಂ, ನಾನೂ ಅದೇ ಅಂದ್ಕೊಂಡಿದ್ದೆ."

ಯಾವತ್ತೂ ಅದೇ ಉತ್ತರ. ನಾನು ಹೇಳಿದ್ದನ್ನೆಲ್ಲ ಇವರು ನನಗಿಂತ ಒಂದು ಕ್ಷಣ ಮೊದಲೇ ಅಂದುಕೊಂಡಿರುತ್ತಿದ್ದರು. ಸಂಜೆ ಪಾರ್ಕಿನ ಬೆಂಚಿನ ಮೇಲೆ ಸ್ನೇಹಿತರ ಮುಂದೆ, "ಇವತ್ತಿಂದು ಕಾಫಿ ಆರೋದ್ರೊಳಗೆ ಮುಗಿಸ್ಬುಟ್ಟೆ ಕಣ್ರೀ," ಎಂದು ಕಾಲ ಮೇಲೆ ಕಾಲು ಹಾಕುತ್ತಿದ್ದರು. ನಾನು ವಾಕಿಂಗಿನ ನೆಪದಲ್ಲಿ ಅದೇ ದಾರಿಯಲ್ಲಿ ಹೋಗುವಾಗ ಕಿವಿಗೆ ಬೀಳುತ್ತಿತ್ತು.

ಹೊಟ್ಟೆ ಉರಿಯುತ್ತಿತ್ತಾ ಎಂದರೆ, ಇಲ್ಲ. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ನಮ್ಮಿಬ್ಬರ ನಡುವೆ ಉಳಿದಿದ್ದ ಮಾತೆಂದರೆ ಗ್ಯಾಸು ಮುಗೀತು, ನಲ್ಲಿ ಬಂತು, ಬಾಗಿಲಲ್ಲಿ ಯಾರೋ ಬಂದಿದ್ದಾರೆ, ಇಷ್ಟೇ. ಆ ಬೆಳಗಿನ "ಏನೇ" ಒಂದರಲ್ಲಿ ಮಾತ್ರ ನನ್ನ ತಲೆಯೊಳಗೆ ಏನಿದೆ ಎಂದು ಇವರಿಗೆ ಬೇಕಾಗುತ್ತಿತ್ತು. ಅದು ನನಗೆ ಇಷ್ಟವಾಗಿತ್ತು. ಮಿಕ್ಸಿ ಹಾಕುವ ಮುಂಚೆ ಕೂಡ ಒಂದು ಸಲ ಹಾಲ್ ಕಡೆ ಕಿವಿ ಕೊಟ್ಟೇ ಗುಂಡಿ ಒತ್ತುತ್ತಿದ್ದೆ.

ಆಮೇಲೆ ಮನೆಗೆ ಕಂಪ್ಯೂಟರ್ ಬಂತು. ಎರಡು ಸಾವಿರದ ಇಸವಿ ದಾಟಿತ್ತು, ಬೀದಿಯಲ್ಲಿ ಎಲ್ಲರ ಮನೆಗೂ ಬಂದಿತ್ತು, ನಮ್ಮಲ್ಲಿ ಇಲ್ಲದಿದ್ದರೆ ಹೇಗೆ? ಅದಕ್ಕೆ ಮೇಜು, ಮೇಜಿಗೆ ಗಾಜು, ದೂಳು ಕೂರದಂತೆ ಹೂವಿನ ಬಟ್ಟೆಯ ಹೊದಿಕೆ. ಇವರ ಆಫೀಸಿನಲ್ಲಿ ಕಂಪ್ಯೂಟರ್ ಹುಚ್ಚಿನ ಸಹೋದ್ಯೋಗಿಯೊಬ್ಬರಿದ್ದರು. ಒಂದು ಭಾನುವಾರ ಬಂದು, ನನ್ನ ಉಪ್ಪಿಟ್ಟು ತಿಂದು, ನನಗೇ ಕುತ್ತು ತಂದಿಟ್ಟು ಹೋದರು.

ಕೀಲಿಮಣೆಯ ಎರಡು ಕೀಲಿ ಒಟ್ಟಿಗೆ ಒತ್ತಿದರೆ ತೆರೆಯ ಮಧ್ಯೆ ಉದ್ದನೆಯದೊಂದು ಪೆಟ್ಟಿಗೆ ಏಳುತ್ತಿತ್ತು. ಕಂಪ್ಯೂಟರಿನೊಳಗೆ ಯಾವುದು ಎಲ್ಲಿದೆಯೋ ಹುಡುಕಿ ತೆರೆಯುವುದಕ್ಕೆಂದು ಇದ್ದ ಪೆಟ್ಟಿಗೆ ಅದು. ಈ ಪುಣ್ಯಾತ್ಮರು ಅದಕ್ಕೆ ಪದ ಹುಡುಕುವ ಬಾಲವೊಂದನ್ನು ಅಂಟಿಸಿಕೊಟ್ಟರು. ಗೊತ್ತಿರುವ ಅಕ್ಷರ ಬರೆದು, ಗೊತ್ತಿಲ್ಲದ ಮನೆಗೆ ಚುಕ್ಕಿ ಇಟ್ಟರೆ ಸಾಕು, ಹೊಂದುವ ಪದಗಳೆಲ್ಲ ಸಾಲಾಗಿ ನಿಲ್ಲುತ್ತಿದ್ದವು. ಅರ್ಥ ಮಾತ್ರ ಕೇಳಬಾರದು. ಬರೀ ಜಾತಕ ನೋಡಿ ಗಂಡು ಗೊತ್ತುಮಾಡುವ ಹಾಗೆ, ಅಕ್ಷರ ಕೂಡಿಬಂದರೆ ಆಯಿತು.

ಮಾರನೆಯ ಬೆಳಿಗ್ಗೆಯಿಂದ "ಏನೇ" ನಿಂತುಹೋಯಿತು. ಹಾಲ್‌ನಿಂದ ಟಕಟಕ ಕೀಲಿ ಸದ್ದು, ಆಮೇಲೆ ಒಂದು ತೃಪ್ತಿಯ "ಆಹಾ!" ನಾನು ಸೌಟು ಹಿಡಿದು ಕಾದೆ. ಒಂದು ದಿನ ತಡೆಯಲಾರದೆ ನಾನೇ ಕೂಗಿದೆ: "ಏನ್ರೀ, ಇವತ್ತು ಕಷ್ಟದ್ದು ಯಾವುದೂ ಇಲ್ವಾ?"

"ಎಲ್ಲಾ ಆಗೋಯ್ತು ಕಣೇ. ನೀನು ನಿನ್ನ ಕೆಲಸ ನೋಡ್ಕೋ."

ನೋಡಿಕೊಂಡೆ. ಚಟ್ನಿಗೆ ಎರಡು ಸಲ ಉಪ್ಪು ಹಾಕಿದೆ. ಆ ವರ್ಷ ಆಯುಧಪೂಜೆಯಲ್ಲಿ ಸ್ಕೂಟರಿನ ಜೊತೆಗೆ ಕಂಪ್ಯೂಟರಿಗೂ ಅರಿಶಿನ ಕುಂಕುಮ ಇಟ್ಟು ಚೆಂಡುಹೂವು ಏರಿಸುವ ಕೆಲಸ ನನ್ನ ಪಾಲಿಗೇ ಬಂತು. ಸವತಿಗೆ ಕೈಯಾರೆ ಕುಂಕುಮ ಇಟ್ಟವರು ನಮ್ಮ ಬೀದಿಯಲ್ಲಿ ನಾನೊಬ್ಬಳೇ ಇರಬೇಕು. ಸಂಕಟವಾಗಿತ್ತು, ಆದರೆ ಒಂದು ಡಬ್ಬದ ಮೇಲೆ ಮುನಿಸು ಎಂದು ಯಾರ ಹತ್ತಿರ ಹೇಳಿಕೊಳ್ಳಲಿ?

ಇವರ ಕೀರ್ತಿ ಮಾತ್ರ ಬೆಳೆಯಿತು. ಆ ನವೆಂಬರಿನಲ್ಲಿ ಬಡಾವಣೆಯ ಸಂಘದವರು ಪಾರ್ಕಿನಲ್ಲಿ ರಾಜ್ಯೋತ್ಸವ ಇಟ್ಟುಕೊಂಡು ಇವರಿಗೆ ಸನ್ಮಾನ ಗೊತ್ತುಮಾಡಿದರು. ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಬಿರುದು "ಪದಬಂಧ ಭೀಷ್ಮ". ಮದುವೆಯಾದ ಗಂಡಸಿಗೆ ಭೀಷ್ಮ ಎಂದು ಬಿರುದು ಕೊಡಬಾರದು ಎಂದು ಅಷ್ಟು ಜನ ವಿದ್ಯಾವಂತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸನ್ಮಾನಕ್ಕೆ ಮುಂಚೆ ಕಪ್ಪುಹಲಗೆಯ ಮೇಲೆ ಹೊಸದೊಂದು ಪದಬಂಧ ಬರೆದಿದ್ದರು. ಭೀಷ್ಮರು ಎಲ್ಲರೆದುರು ಬಿಡಿಸಿ ತೋರಿಸಬೇಕು.

ಪಾರ್ಕಿನಲ್ಲಿ ಕಂಪ್ಯೂಟರ್ ಎಲ್ಲಿ ಬರಬೇಕು? ಆದರೂ ಸುಮಾರು ಮನೆ ತುಂಬಿಸಿದರು, ಹೆಮ್ಮೆಯಾಯಿತು. ಕೊನೆಗೆ ಒಂದು ಉಳಿಯಿತು. ಕಾರ್ಯದರ್ಶಿಗಳು ಮೈಕಿನಲ್ಲಿ ಓದಿದರು: "ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುವ ಸಾಧನ. ಮೂರಕ್ಷರ, ನಡುವಿನದು ಕ್ಕ."

ಇವರು ಸೀಮೆಸುಣ್ಣ ಹಿಡಿದು ನಿಂತರು. "ಸಕ್ಕರೆ" ಎಂದು ಬರೆದು ಒರೆಸಿದರು. "ತಕ್ಕಡಿ" ಎಂದು ಬರೆದು ಅದನ್ನೂ ಒರೆಸಿದರು. "ಚಿಕ್ಕಮ್ಮ" ಎಂದು ಶುರು ಮಾಡಿದಾಗ ಹೆಂಗಸರ ಸಾಲಿನಿಂದ ಕಿಸಕ್ ಎಂದಿತು. ಅಲ್ಲಿದ್ದ ಪ್ರತಿಯೊಬ್ಬಳಿಗೂ ಉತ್ತರ ಗೊತ್ತಿತ್ತು. ಬಾಯಿ ಬಿಡಲಿಲ್ಲ, ಸನ್ಮಾನ ನಮ್ಮದಲ್ಲವಲ್ಲ. ಇವರ ಹಣೆಯಲ್ಲಿ ಬೆವರು. ಸುತ್ತ ಒಮ್ಮೆ ನೋಡಿದರು, ಮೈಕು ಬಾಯಿಯ ಹತ್ತಿರವೇ ಇರುವುದನ್ನು ಮರೆತರು. ಇಡೀ ಪಾರ್ಕಿಗೆ ಕೇಳಿಸಿತು:

"ಏನೇ?"

ಅಯ್ಯೋ, ಆ ಒಂದು ಶಬ್ದಕ್ಕೆ ಎಷ್ಟು ತಿಂಗಳು ಕಾದಿದ್ದೆ! ಸುಮ್ಮನಿರೋಣ, ಒದ್ದಾಡಲಿ ಎಂದು ಮನಸ್ಸಿಗೆ ಬಂದದ್ದು ಹೌದು. ಅಷ್ಟರಲ್ಲಿ ಬಾಯಿ ತಾನೇ ಕೂಗಿತ್ತು: "ಇಕ್ಕಳ ಕಣ್ರೀ!"

"ಹೂಂ, ನಾನೂ ಅದೇ ಅಂದ್ಕೊಂಡಿದ್ದೆ," ಎಂದಿತು ಮೈಕು.

ಜನ ನಕ್ಕಿದ್ದೇ ನಕ್ಕಿದ್ದು. ಆದರೆ ತಂದ ಪೇಟ ವಾಪಸು ಕೊಡುವ ಹಾಗಿರಲಿಲ್ಲವೋ ಏನೋ, ಇವರ ತಲೆಯ ಮೇಲೇ ಇಟ್ಟರು. "ಶ್ರೀಮತಿಯವರೂ ಬರಬೇಕು" ಎಂದು ನನ್ನನ್ನು ವೇದಿಕೆಗೆ ಕರೆದು ಹಣ್ಣಿನ ಬುಟ್ಟಿ ಕೈಗೆ ಕೊಟ್ಟರು, ಹಿಡಿದುಕೊಂಡು ನಿಲ್ಲುವುದಕ್ಕೆ. ಫೋಟೋದಲ್ಲಿ ಬುಟ್ಟಿ ಚೆನ್ನಾಗಿ ಬಂದಿದೆ.

ಮರುದಿನ ಬೆಳಿಗ್ಗೆ ಕೀಲಿಯ ಸದ್ದಿಲ್ಲ. ತಿರುಗಿ ನೋಡಿದರೆ ಇವರು ಪೇಪರು ಮಡಿಸಿ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಾರೆ. ಕೂಗುವವರು ಎದ್ದು ಇಲ್ಲಿಗೇ ಬಂದದ್ದು ಅದೇ ಮೊದಲು. ಈ ಮನುಷ್ಯನಿಗೆ ಕೊನೆಗೂ ಅರ್ಥವಾಯಿತಲ್ಲ ಎಂದು ನನ್ನ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಹಾಲು ಉಕ್ಕತೊಡಗಿತು.

"ರೀ, ಆ ಇಕ್ಕಳ ಕೊಡ್ರೀ, ಬೇಗ!"

ಇಕ್ಕಳ ಅವರ ಮೂಗಿನ ಎದುರೇ ಮೊಳೆಗೆ ನೇತಾಡುತ್ತಿತ್ತು. ಪದಬಂಧ ಭೀಷ್ಮರು ಒಲೆ ನೋಡಿದರು, ಗೋಡೆ ನೋಡಿದರು, ಶೆಲ್ಫು ನೋಡಿದರು.

"ಯಾವುದೇ ಅದು?" ಎಂದರು.