ಆರು ಮೀಟರ್ ಕರುಳು

ನಮ್ಮ ಸೋದರತ್ತೆಯನ್ನು ಬೀದಿಯವರೆಲ್ಲ ‘ಅರ್ಧ ಇಂಚಿನ ಅಕ್ಕ’ ಎನ್ನುತ್ತಾರೆ. ಯಾವ ಬಟ್ಟೆ ಹೊಲಿದರೂ ಒಳಗೆ ಅರ್ಧ ಇಂಚು ಹೆಚ್ಚು ಬಿಟ್ಟಿರುತ್ತಾರೆ. “ಮೈ ಬೆಳೆಯುತ್ತೆ, ಬಟ್ಟೆ ಬೆಳೆಯಲ್ಲ” ಎನ್ನುವುದು ಅವರ ಮಾತು. ಹದಿಮೂರನೆಯ ವಯಸ್ಸಿಗೆ ಒಬ್ಬ ದರ್ಜಿಯ ಅಂಗಡಿಯಲ್ಲಿ ಗುಂಡಿ ಹಚ್ಚಲು ಕೂತವರು, ಮೂವತ್ತೆರಡು ವರ್ಷದಿಂದ ಹೊಲಿಯುತ್ತಿದ್ದಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಕಾಲಿನಿಂದ ತುಳಿಯುವ ಮೆಷಿನ್, ಮೊಳೆಗೆ ತೂಗುಹಾಕಿದ ದೊಡ್ಡ ಕತ್ತರಿ, ನೆಲದಲ್ಲಿ ಎಷ್ಟು ಗುಡಿಸಿದರೂ ಹೋಗದ ದಾರದ ಚೂರು.

ರೆಡಿಮೇಡ್ ಅಂಗಡಿಗಳು ಬಂದ ಮೇಲೆ ಹೊಲಿಸುವವರು ಕಡಿಮೆಯಾದರು. ಮೆಷಿನ್ ಮಾರುವುದಾಗಿ ಮಾವ ಒಬ್ಬರಿಗೆ ಮಾತು ಕೊಟ್ಟರು. ಅತ್ತೆ ಮೆಷಿನ್ ತುಳಿಯುತ್ತಲೇ ಇದ್ದರು. ಸೋಮವಾರ ಗಾಡಿ ತರುತ್ತೇನೆಂದು ಆ ಮನುಷ್ಯ ಹೇಳಿಹೋದ.

ಅದೇ ವಾರ ನರ್ಸಿಂಗ್ ಶಾಲೆಯ ಮೇಡಂ ಒಂದು ಪ್ಲಾಸ್ಟಿಕ್ ಬೊಂಬೆ ಹೊತ್ತುಕೊಂಡು ಬಂದರು. ಕೈಕಾಲಿಲ್ಲದ ಬೊಂಬೆ. ಹೊಟ್ಟೆಗೆ ಬಾಗಿಲಿತ್ತು, ಒಳಗೆ ಖಾಲಿ. ರಬ್ಬರಿನ ಕರುಳು ಒಣಗಿ ಪುಡಿಯಾಗಿತ್ತಂತೆ.

“ಬಟ್ಟೇಲಿ ಮಾಡಿಕೊಡ್ತೀರಾ ಅಕ್ಕಾ? ಸೋಮವಾರ ಪಾಠ ಇದೆ. ಮಕ್ಕಳು ಹೊರಗೆ ತೆಗೆದು ನೋಡಿ ವಾಪಸ್ ಇಡಬೇಕು, ಸಿಕ್ಕಾಗಬಾರದು. ಇದು ಸರಿಹೋದ್ರೆ ಇನ್ನೂ ನಾಲ್ಕು ಬೇಕು.”

ಅತ್ತೆ ಅಂದು ರಾತ್ರಿ ಊಟಕ್ಕೆ ಬಡಿಸುತ್ತಾ ಮಾವನಿಗೆ ಹೇಳಿದರು: “ರೀ, ಇದೊಂದು ಆದ್ರೆ ಮೆಷಿನ್ ಇರ್ಲಿ. ಆಗದಿದ್ರೆ ನಾನೇ ಎತ್ತಿ ಗಾಡಿಗೆ ಇಡ್ತೀನಿ.”

ಮೇಡಂ ಒಂದು ಹಾಳೆಯಲ್ಲಿ ಎಲ್ಲದರ ಅಳತೆ ಬರೆದುಕೊಟ್ಟಿದ್ದರು. ಗಂಟಲಿನಿಂದ ಇಳಿಯುವ ಅನ್ನನಾಳ ಇಪ್ಪತ್ತೈದು ಸೆಂಟಿಮೀಟರ್. ಅದರ ಕೆಳಗೆ ಜಠರ, ತಿಂದದ್ದನ್ನು ಗಂಜಿಯ ಹಾಗೆ ನುರಿಸುವ ಚೀಲ. ಆಮೇಲೆ ಸಣ್ಣ ಕರುಳು. ಅನ್ನದ ಸಾರವೆಲ್ಲ ರಕ್ತಕ್ಕೆ ಸೇರುವುದು ಇಲ್ಲಿ. ಅದರ ಒಳಮೈ ನುಣುಪಲ್ಲ, ಟವೆಲ್ಲಿನ ಹಾಗೆ ಸಣ್ಣ ಸಣ್ಣ ಎಳೆಗಳಿಂದ ತುಂಬಿರುತ್ತದೆ. ಕೊನೆಗೆ ನೀರನ್ನು ಹೀರಿಕೊಳ್ಳುವ ದೊಡ್ಡ ಕರುಳು, ಒಂದೂವರೆ ಮೀಟರ್. ಅದರ ಮೈಯುದ್ದಕ್ಕೂ ಮೂರು ಪಟ್ಟಿ, ನಡುವೆ ಉಬ್ಬು ಉಬ್ಬು.

ಅತ್ತೆ ದೊಡ್ಡ ಕರುಳನ್ನೇ ಮೊದಲು ಹಿಡಿದರು. ಮೂರು ಸಾಲು ಎಲಾಸ್ಟಿಕ್ಕನ್ನು ಎಳೆದು ಹಿಡಿದು ಹೊಲಿದರು. ಕೈ ಬಿಟ್ಟ ಕೂಡಲೇ ಬಟ್ಟೆ ಸುಕ್ಕುಗಟ್ಟಿ, ಚಿತ್ರದಲ್ಲಿದ್ದಂತೆ ಉಬ್ಬುಬ್ಬಾಯಿತು. ಹೊಟ್ಟೆಯ ಬಲಗಡೆ ಕೆಳಗಿನಿಂದ ಹತ್ತಿಸಿ, ಅಡ್ಡ ಹಾಯಿಸಿ, ಎಡಗಡೆ ಇಳಿಸಿ, ಬಾಗಿಲಿನ ಚೌಕಟ್ಟಿನಂತೆ ಕೂಡಿಸಿದರು.

ತೊಡಕಾದದ್ದು ಸಣ್ಣ ಕರುಳಿನಲ್ಲಿ. ಅದು ಆರು ಮೀಟರ್. ಅಂಗಡಿ ಕೋಣೆಯ ಎರಡರಷ್ಟು ಉದ್ದ. ಹೊಲಿದು, ತುದಿಗೆ ಪಿನ್ನು ಚುಚ್ಚಿ, ಕೊಳವೆಯನ್ನು ಒಳಮೈ ಹೊರಗಾಗುವಂತೆ ಮಗುಚುವುದಕ್ಕೇ ಅರ್ಧ ದಿನ ಹೋಯಿತು. ತೆಳ್ಳಗೆ ಹತ್ತಿ ತುಂಬಿ, ಸುತ್ತಿ ಸುತ್ತಿ ಹೊಟ್ಟೆಯೊಳಗಿಟ್ಟು ಬಾಗಿಲು ಮುಚ್ಚಿದರು. ತೆರೆದರೆ ಸರಸರನೆ ಜಾರಿ ನೆಲಕ್ಕೆ ಬಿತ್ತು. ಮಾವ ಒಂದು ತುದಿ ಹಿಡಿದು ಎಳೆದರು. ಮೂರು ಗಂಟು ಬಿತ್ತು.

“ಇದೇನೇ, ಹೊಟ್ಟೆಯೋ, ಬಾವಿ ಹಗ್ಗದ ಬುಟ್ಟಿಯೋ?”

“ನೀವು ಎಳೀಬೇಡಿ, ದೂರ ಕೂತ್ಕೊಳ್ಳಿ.”

ನಾಲ್ಕು ದಿನ ಹೀಗೇ ಆಯಿತು. ಹಾವಿನಂತೆ ಮಡಿಸಿಟ್ಟರೂ, ದಾರದಲ್ಲಿ ಅಲ್ಲಲ್ಲಿ ಕಟ್ಟಿದರೂ, ಹೊರಗೆ ತೆಗೆದರೆ ಮತ್ತೆ ಒಳಗೆ ಇಡಲು ಬರುತ್ತಿರಲಿಲ್ಲ.

“ಎರಡು ಮೀಟರ್ ಕತ್ತರಿಸಿ ಹಾಕು. ಯಾರು ಟೇಪು ಹಿಡಿದು ನೋಡ್ತಾರೆ?” ಎಂದರು ಮಾವ.

“ಇದನ್ನ ನೋಡಿ ಕಲಿಯೋ ಹುಡುಗಿ ನಾಳೆ ನಿಮ್ಮ ಹೊಟ್ಟೆ ಮುಂದೇನೇ ನಿಲ್ತಾಳೆ, ನೆನಪಿರ್ಲಿ.”

ಮಾವ ಹೊಟ್ಟೆ ಸವರಿಕೊಂಡರು. ಅತ್ತೆ ಮಾತ್ರ ಕತ್ತರಿ ಮುಟ್ಟಲಿಲ್ಲ.

ಶನಿವಾರ ಮಧ್ಯಾಹ್ನ ಬೇಸತ್ತು, ಪಕ್ಕದ ಮನೆಯ ಮಗುವಿನ ಲಂಗಕ್ಕೆ ಅಂಚು ಹಚ್ಚಲು ಕೂತರು. ಉದ್ದದ ಪಟ್ಟಿಯ ಒಂದು ಬದಿಗೆ ಸಡಿಲ ಹೊಲಿಗೆ ಹಾಕಿ ದಾರ ಎಳೆದರು. ಆ ಬದಿ ನೆರಿಗೆಯಾಗಿ ಗಿಡ್ಡವಾಯಿತು, ಇನ್ನೊಂದು ಬದಿ ಅಲೆ ಅಲೆಯಾಗಿ ಹರಡಿತು. ಅತ್ತೆ ಎಳೆಯುವುದನ್ನು ನಿಲ್ಲಿಸಿ ಅದನ್ನೇ ನೋಡುತ್ತಾ ಕೂತರು. ಆಮೇಲೆ ಲಂಗವನ್ನು ಪಕ್ಕಕ್ಕಿಟ್ಟು, ಪೆಟ್ಟಿಗೆಯಿಂದ ತೀರಾ ತೆಳ್ಳಗಿನ ಮಲ್ ಬಟ್ಟೆ ತೆಗೆದರು.

ಆರು ಮೀಟರ್ ಉದ್ದ, ಒಂದು ಗೇಣು ಅಗಲದ ಪಟ್ಟಿ. ಒಂದು ಅಂಚಿಗೆ ಕರುಳನ್ನು ಹೊಲಿದರು. ಇನ್ನೊಂದು ಅಂಚಿಗೆ ಎರಡು ಸಾಲು ಸಡಿಲ ಹೊಲಿಗೆ ಹಾಕಿ ಎಳೆಯತೊಡಗಿದರು. ದಾರ ಎರಡು ಸಲ ಕಿತ್ತುಹೋಯಿತು. ಮೂರನೆಯ ಸಲ ದಪ್ಪ ದಾರ ಹಾಕಿ, ಉಸಿರು ಬಿಗಿಹಿಡಿದು ಎಳೆದರು. ಆರು ಮೀಟರ್ ಬಟ್ಟೆ ಒಂದೂವರೆ ಗೇಣಾಗಿ ಕೂತಿತು. ಆ ಗಿಡ್ಡ ಅಂಚನ್ನು ಹೊಟ್ಟೆಯ ಹಿಂಬದಿಗೆ ಓರೆಯಾಗಿ ಬಿಗಿದು ಕರುಳನ್ನು ಕೈಬಿಟ್ಟರು. ಅದು ಸುರುಳಿ ಸುರುಳಿಯಾಗಿ ದೊಡ್ಡ ಕರುಳಿನ ಚೌಕಟ್ಟಿನೊಳಗೆ ಇಳಿಯಿತು. ಮಾವನೇ ಐದಾರು ಸಲ ಎಳೆದು ಎಳೆದು ಬಿಟ್ಟರು. ಒಂದು ಗಂಟೂ ಬೀಳಲಿಲ್ಲ.

ಸೋಮವಾರ ಬೆಳಿಗ್ಗೆ ಮೇಡಂ ಬಂದು ಬಾಗಿಲು ತೆರೆದು, ಕರುಳಿನ ಹಿಂದಿನ ಬಟ್ಟೆಯನ್ನು ಬೆರಳಿನಲ್ಲಿ ಬಿಡಿಸಿ ನೋಡಿದರು.

“ಈ ಪೊರೆ ನಿಮಗೆ ಯಾರು ಹೇಳಿದ್ದು ಅಕ್ಕಾ?”

“ಯಾರೂ ಹೇಳಿಲ್ಲ. ಯಾಕೆ, ತಪ್ಪಾಯ್ತಾ? ಬಿಚ್ಚಿಬಿಡ್ಲಾ?”

“ಅಯ್ಯೋ ಬೇಡಿ! ಮನುಷ್ಯರಿಗೂ ಹೀಗೇ ಇರೋದು. ಹಿಂದೆ ಹೀಗೆ ಗಿಡ್ಡ ಬುಡ, ಮುಂದೆ ಅಷ್ಟುದ್ದ ಕರುಳು. ರಕ್ತ ಬರೋದೂ ಈ ಪೊರೆಯೊಳಗಿಂದಾನೇ. ನಾನು ಬರೆಯೋಕೇ ಮರೆತಿದ್ದೆ.”

“ಮರೆತಿರಾ? ನಾಲ್ಕು ದಿನ ನನ್ನ ಕರುಳು ಹಿಂಡಿಬಿಟ್ರಲ್ಲ ಮೇಡಂ!”

ಮೇಡಂ ನಕ್ಕು, ಉಳಿದ ನಾಲ್ಕು ಬೊಂಬೆಗಳನ್ನು ಸಂಜೆ ಕಳಿಸುತ್ತೇನೆಂದು ಹೇಳಿ, ಇದನ್ನು ಎತ್ತಿಕೊಂಡು ಪಾಠಕ್ಕೆ ಹೊರಟರು. ಅವರು ತಿರುವು ದಾಟುತ್ತಿದ್ದಂತೆ ಆ ಕಡೆಯಿಂದ ಗಾಡಿ ಬರುವುದು ಕಾಣಿಸಿತು. ಮಾವ ಚಪ್ಪಲಿ ಮೆಟ್ಟಿಕೊಂಡರು.

“ಅವನಿಗೆ ಏನಂತ ಹೇಳ್ಲೇ? ಮಾತು ಕೊಟ್ಟೋನು ನಾನು.”

“ಕೊಟ್ಟೋರೇ ವಾಪಸ್ ತಗೊಳ್ಳಿ” ಎಂದ ಅತ್ತೆ, ಮೆಷಿನ್ನಿಗೆ ಎಣ್ಣೆ ಬಿಡಲು ಕೂತರು.