ವಠಾರದ ರುಚಿ ಹುರಿಯುವ ಮುನಿಯಕ್ಕ

ಧನಿಯಾ ಕಪ್ಪಾಗುವ ಮುಂಚೆ ಬಾಣಲೆ ಇಳಿಸಬೇಕು. ಮುನಿಯಕ್ಕ ಸೆರಗಿನಲ್ಲೇ ಹಿಡಿಕೆ ಹಿಡಿದು ಬಾಣಲೆಯನ್ನು ಮೊರದ ಮೇಲೆ ಬಗ್ಗಿಸುತ್ತಾರೆ. ಚಾಮರಾಜಪೇಟೆಯ ಓಣಿಗೆ ಬೆಳಕು ಇನ್ನೂ ಪೂರ್ತಿ ಇಳಿದಿಲ್ಲ. ಘಮಲು ಮಾತ್ರ ಆಗಲೇ ಹಾಲಿನವನ ಹಿಂದೆ ಹಿಂದೆ ಹೊರಟಿದೆ.

ಮನೆಮನೆಯವರು ತಂದುಕೊಟ್ಟ ಸಾಮಾನು ಹುರಿದು, ಮಿಲ್ಲಿಗೆ ಹಾಕಿಸಿ, ಸಾರಿನಪುಡಿ ಮಾಡಿಕೊಡುವುದು ಇವರ ಕಸುಬು. ಗಂಡ ತೀರಿಕೊಂಡ ವರ್ಷ ಹಿಡಿದ ಸಟ್ಟುಗ, ಭುಜ ನೋಯುತ್ತಿದ್ದರೂ ಬಿಟ್ಟಿಲ್ಲ. ದಿನಕ್ಕೆ ಎಂಟು ಹತ್ತು ಕಿಲೋ. ಹಬ್ಬ ಬಂದರೆ ಲೆಕ್ಕವಿಲ್ಲ. ಹೊಸಬರು ಬಂದರೆ ಖಾರ ಎಷ್ಟಿರಲಿ ಎಂದು ಕೇಳುವುದಿಲ್ಲ. "ಚಿಕ್ಕವರಿದ್ದಾಗ ಎಲ್ಲಿ ಕೂತು ಉಣ್ತಿದ್ರಿ?" ಅಂತಾರೆ. ಬಂದವರು ನಗುತ್ತಾರೆ. ಆಮೇಲೆ ಹಿತ್ತಿಲ ಬಾವಿ, ಕೆಂಪು ಗಾರೆ ನೆಲ ಎನ್ನುತ್ತ, ಬಿಸಿಲೇರಿದ್ದೇ ತಿಳಿಯದೆ ನಿಂತುಬಿಡುತ್ತಾರೆ.

ಪುಡಿ ಒಯ್ಯಲು ಬರುವ ಡಾಕ್ಟರ್ ಯಶೋಧರಾ ಒಮ್ಮೆ ಬಿಡಿಸಿ ಹೇಳಿದರಂತೆ: ನಾವು ರುಚಿ ಅನ್ನುವುದರಲ್ಲಿ ಬಹುಪಾಲು ವಾಸನೆ, ಮಿದುಳಿನಲ್ಲಿ ವಾಸನೆಯ ಮನೆ, ಹಳೆಯ ನೆನಪಿನ ಮನೆ ಅಕ್ಕಪಕ್ಕ. "ಇರಬೌದು ತಾಯಿ. ನಮ್ಮ ವಠಾರದಲ್ಲೂ ಹಂಗೇ, ಒಬ್ರು ಒಗ್ಗರಣೆ ಹಾಕಿದ್ರೆ ಪಕ್ಕದ ಮನೇಲಿ ಸೀನು," ಎಂದರು ಮುನಿಯಕ್ಕ.

ಆ ವಠಾರ ಈಗಿಲ್ಲ. ಅಲ್ಲಿ ಕಾರು ನಿಲ್ಲಿಸುತ್ತಾರೆ. ಅಲ್ಲಿ ಜೊತೆಗೆ ಬೆಳೆದ ಅಕ್ಕ ಪಾರ್ವತಮ್ಮ ಚಿಂತಾಮಣಿಯಲ್ಲಿದ್ದಾರೆ. ಅವರಿಗೆ ಕಿವಿ ಮಂದ, ಫೋನು ನಡೆಯದು. ಇಬ್ಬರ ನಡುವೆ ಇಂದಿಗೂ ಕಾಗದವೇ. ದೊಡ್ಡ ಜ್ವರವೊಂದು ಬಿಟ್ಟ ಮೇಲೆ ಅಕ್ಕನಿಗೆ ಅನ್ನ ಸೇರದು, ಮೈ ಒಣಗುತ್ತಿದೆ. ವಠಾರದ ಸಾರಾದರೆ ಎರಡು ತುತ್ತು ಇಳಿದೀತು ಎಂದು ಯುಗಾದಿಗೆ ಮುಂಚೆ ಬರೆದಿದ್ದರು. ಮುನಿಯಕ್ಕ ಅಂದೇ ಉತ್ತರ ಬರೆದು, ಪುಡಿಯ ಜೊತೆಗೇ ಕಳಿಸೋಣವೆಂದು ದೇವರ ಪಟದ ಹಿಂದೆ ಸಿಕ್ಕಿಸಿದರು. ಅಮ್ಮನ ಅಳತೆ ಕೈಯಲ್ಲೇ ಇದೆ. ಆದರೂ ಹುರಿದು ಹುರಿದು ನಾಲಿಗೆಗಿಟ್ಟರೆ ವಠಾರ ಬರುವುದಿಲ್ಲ. ಮೆಣಸು ಬದಲಿಸಿದರು, ಜೀರಿಗೆ ಬದಲಿಸಿದರು. ಶ್ರಾವಣ ಬಂತು.

ಮೊನ್ನೆ, ಚಿಟಿಕೆ ಪುಡಿ ಬಾಯಲ್ಲಿರುವಾಗಲೇ, ಬಡಗಿ ಮಾಯಣ್ಣನ ಅಂಗಡಿ ಮುಂದೆ ಹಾದರು. ಆತ ಕಸದ ಜೊತೆ ಮರದ ಹೊಟ್ಟು ಸುಡುತ್ತಿದ್ದ. ಹೊಗೆ ಮೂಗಿಗೆ ಬಂದದ್ದೇ ತಡ, ನಾಲಿಗೆಯ ಮೇಲೆ ವಠಾರ ಎದ್ದು ನಿಂತಿತು: ಸಾಲು ಬಾಗಿಲು, ನಡುವೆ ನಲ್ಲಿ, ಒಂದೇ ತಟ್ಟೆಯಲ್ಲಿ ಕಲಸಿಕೊಂಡು ಕೂತ ಅಕ್ಕ ತಂಗಿ. ಅಮ್ಮ ಹುರಿಯುತ್ತಿದ್ದದ್ದು ಹೊಟ್ಟಿನ ಒಲೆಯ ಮೇಲೆ.

ಒಂದು ಮೂಟೆ ಹೊಟ್ಟು ಕೇಳಿದರು. "ಯಾಕಮ್ಮ, ಗ್ಯಾಸ್‌ನವನ ಜೊತೆ ಜಗಳ ಆಯ್ತಾ?" ಎಂದ ಮಾಯಣ್ಣ.

ಹಾಗಾಗಿ ಈ ಬೆಳಗ್ಗೆ ಬಾಣಲೆ ಗ್ಯಾಸಿನ ಮೇಲಿಲ್ಲ. ತಗಡಿನ ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಎಳೆದಿದ್ದಾರೆ. ಆ ತೂತಿನಲ್ಲಿ ಉರಿ ಕೆಂಪಗೆ ಉಸಿರಾಡುತ್ತಿದೆ. ಮಿಲ್ಲಿನಿಂದ ಬಂದ ಪುಡಿ ಆರಿದ ಮೇಲೆ ಚಿಟಿಕೆ ಬಾಯಿಗಿಟ್ಟು ಕಣ್ಣು ಮುಚ್ಚುತ್ತಾರೆ. ಬಹಳ ಹೊತ್ತು ತೆರೆಯುವುದಿಲ್ಲ.

ಪಟದ ಹಿಂದಿನ ಕಾಗದ ತೆಗೆದು ಒಂದು ಸಾಲು ಸೇರಿಸುತ್ತಾರೆ: "ಅಕ್ಕಾ, ವಠಾರ ಕಳಿಸ್ತಿದೀನಿ. ಅನ್ನ ಬಿಸಿ ಇರುವಾಗಲೇ ಕಲಸ್ಕೋ."

ಅಂಚೆ ಕಚೇರಿಯ ಕೌಂಟರಿನಾಕೆ ಪೊಟ್ಟಣ ತೂಗುತ್ತ ಮೂಸುತ್ತಾಳೆ. ಇವತ್ತು ಯಾರ ಮನೆಯ ಪುಡಿ ಎಂದು ಕೇಳುತ್ತಾಳೆ.

"ನಮ್ಮನೇದು," ಎಂದು ಮುನಿಯಕ್ಕ ರಸೀದಿಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾರೆ.